ಅರ್ಧಕ್ಕೆ ನಿಂತಿದ್ದ ಎಫ್‌ಸಿ-150 ಪಿಕಪ್: ಮೂರು ಮಳೆಗಾಲ ಓಡಿಸಿದ ಮೇಲೆ

ನನ್ನ ಪಿಕಪ್ ರಸ್ತೆಗಿಳಿದದ್ದು 2022ರ ಆಯುಧ ಪೂಜೆಗೆ. ಮೂರು ಮಳೆಗಾಲ ಕಳೆದಿವೆ, 11,000 ಕಿಲೋಮೀಟರ್ ಮೇಲಾಗಿದೆ. ಅಷ್ಟೂ ಕೊಡಗಿನ ಒಳಗೇ. ತೋಟದಿಂದ ಕಣಕ್ಕೆ, ಕಣದಿಂದ ಗೋಣಿಕೊಪ್ಪಕ್ಕೆ, ಯಾವಾಗಲಾದರೂ ಮಡಿಕೇರಿಗೆ. ಪೆಟ್ರೋಲ್ ಹಾಕಿಸಲು ನಿಂತರೆ ಸಾಕು, ಯಾರಾದರೂ ಬಂದು ವಿಚಾರಿಸುತ್ತಾರೆ. ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ 1970ರ ಮಹೀಂದ್ರ ಎಫ್‌ಸಿ-150. ಮೂತಿ ಇಲ್ಲದ ಜೀಪು ಅಂದರೆ ನಮ್ಮ ಕಡೆ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಯಲ್ಲಿ ತಂದ ಮಾದರಿ ಇದು. ಅಲ್ಲಿ ನಿಂತುಹೋದ ಮೇಲೂ ಇಲ್ಲಿ ತಯಾರಾಗುತ್ತಿತ್ತು. ಎಂಜಿನ್ ಇರುವುದು ಎರಡು ಸೀಟಿನ ನಡುವೆ, 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಮೂರು ಗೇರ್, ನಾಲ್ಕೂ ಚಕ್ರಕ್ಕೆ ಡ್ರೈವ್.

ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ಸಿಕ್ಕಿತು. ಯಾರೋ ಪೂರ್ತಿ ಬಿಚ್ಚಿ, ರಿಪೇರಿ ಶುರು ಮಾಡಿ, ಅರ್ಧಕ್ಕೆ ಬಿಟ್ಟಿದ್ದರು. ಚಾಸಿಗೆ ಹೊಸ ಕಪ್ಪು ಪೇಂಟ್ ಆಗಿತ್ತು. ಎಂಜಿನ್ ಕಟ್ಟಿ ಇಟ್ಟಿದ್ದರು. ಕ್ಯಾಬಿನ್ ಬೇರೆ ಮೂಲೆಯಲ್ಲಿತ್ತು. ನಟ್ಟು ಬೋಲ್ಟು ಎಲ್ಲಾ ಬಿಸ್ಕತ್ ಡಬ್ಬಿಗಳಲ್ಲಿ. 'ಮುಕ್ಕಾಲು ಕೆಲಸ ಮುಗಿದಿದೆ, ಜೋಡಿಸಿದರೆ ಆಯ್ತು' ಅಂದರು. 85,000 ರೂಪಾಯಿ ಕೊಟ್ಟು ಲಾರಿಗೆ ಹೇರಿಸಿಕೊಂಡು ಬಂದೆ. ಆಮೇಲೆ ಒಂದೂಮುಕ್ಕಾಲು ವರ್ಷ ಹಿಡಿಯಿತು, ಇನ್ನೂ 3,40,000 ಖರ್ಚಾಯಿತು. ಆ ದುಡ್ಡಿನಲ್ಲಿ ದೊಡ್ಡ ಪಾಲು ಹೋದದ್ದು ಉಳಿದ ಕಾಲು ಭಾಗಕ್ಕಲ್ಲ. ಮುಗಿದಿದೆ ಅಂದುಕೊಂಡಿದ್ದ ಮುಕ್ಕಾಲಕ್ಕೆ.

ನಮ್ಮ ಗೋಣಿಕೊಪ್ಪದ ಮೆಕ್ಯಾನಿಕ್ ಕಾಕ ಮೊದಲ ದಿನವೇ ಹೇಳಿದ್ದರು: 'ಮೋನೇ (ಮಗನೇ), ಪೇಂಟ್ ನೋಡಿ ನಂಬಬೇಡ. ಎಲ್ಲಾ ಬಿಚ್ಚಿ ನೋಡೋಣ.' ಎಂಜಿನ್ ವಿಷಯದಲ್ಲಿ ಅವರ ಮಾತು ಕೇಳಿದೆ. ಬಿಚ್ಚಿದರೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಎರಡು ಕ್ಯಾಪ್ ಅದಲುಬದಲಾಗಿದ್ದವು. ಒಂದೊಂದು ಕ್ಯಾಪ್ ಅದರದೇ ರಾಡಿಗೆ ಕೂರಬೇಕು, ಅದಕ್ಕೇ ನಂಬರ್ ಹೊಡೆದಿರುತ್ತಾರೆ. ಹಾಗೇ ಸ್ಟಾರ್ಟ್ ಮಾಡಿದ್ದರೆ ಬೇರಿಂಗ್ ಹಿಡಿದುಕೊಂಡು ಕ್ರ್ಯಾಂಕ್ ಹಾಳಾಗುತ್ತಿತ್ತು.

ಬ್ರೇಕ್ ವಿಷಯದಲ್ಲಿ ಕೇಳಲಿಲ್ಲ. ಹೊಸ ಲೈನರ್, ಹೊಳೆಯುವ ಪೈಪು, ಎಲ್ಲಾ ಚೆನ್ನಾಗಿ ಕಾಣುತ್ತಿತ್ತು. ಟ್ರಯಲ್‌ಗೆ ಅಂತ ತೋಟದ ಇಳಿಜಾರಿನಲ್ಲಿ ಇಳಿಸಿದೆ. ಎರಡನೇ ತಿರುವಿಗೆ ಪೆಡಲ್ ಸೀದಾ ತಳಕ್ಕೆ ಹೋಯಿತು. ಈ ಗಾಡಿಯ ಬ್ರೇಕ್ ಒಂದೇ ಲೈನಿನದು. ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಪುಣ್ಯಕ್ಕೆ ಇದರ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಗೇರಿನ ಕಡೆಯಿಂದ ಚಕ್ರದ ಕಡೆಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟನ್ನು. ಅದನ್ನು ಎಳೆದು, ಪಕ್ಕದ ಮಣ್ಣಿನ ಬರೆಗೆ ಗಾಡಿ ಒರೆಸಿ ನಿಲ್ಲಿಸಿದೆ. ಪಕ್ಕದಲ್ಲಿ ಅಣ್ಣನ ಮಗ ಕೂತಿದ್ದ. ಇವತ್ತಿಗೂ ಆ ತಿರುವಿನಲ್ಲಿ ನನಗೆ ಅದು ನೆನಪಾಗುತ್ತದೆ. ಬಿಚ್ಚಿ ನೋಡಿದರೆ ರಬ್ಬರ್ ಹೋಸ್ ಹಳೇದು. ಬಿರುಕು ಬಿಟ್ಟ ಹೋಸಿನ ಮೇಲೇ ಪೇಂಟ್ ಹೊಡೆದಿದ್ದರು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್, ಪೈಪು, ಒಂದನ್ನೂ ಬಿಡದೆ ಬದಲಾಯಿಸಿದೆ. ಇಂಥ ಗಾಡಿ ತರುವವರು ದಯವಿಟ್ಟು ಮೊದಲ ಕೆಲಸ ಇದನ್ನೇ ಮಾಡಿ. ಬಣ್ಣ, ಸೀಟು, ಬ್ಯಾಡ್ಜು ಆಮೇಲೆ.

ಬಾಡಿ ಕೆಲಸ ಬೇಗ ಆಯಿತು. ಪುಟ್ಟಿ ಕೆರೆದು, ತುಕ್ಕು ಹಿಡಿದ ಕಡೆ ಕತ್ತರಿಸಿ, ಹೊಸ ತಗಡು ಬೆಸುಗೆ ಹಾಕಿಸಿದೆ. ಟಿಂಕರಿಂಗ್ ಮಾಡಿದ ಹುಡುಗ ಬಾಗಿಲಿನ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಮುಚ್ಚದೆ ಉಳಿಸಿದ. ಮೂರು ಮಳೆಗಾಲ ಕಂಡರೂ ಬಾಗಿಲು ಗಟ್ಟಿಯಾಗಿದೆ ಅಂದರೆ ಅದಕ್ಕೇ.

ಕಾಗದದ ವಿಷಯ ತುಂಬಾ ಜನ ಕೇಳುತ್ತಾರೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿತು. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಆದರೆ ಅದನ್ನು ಮಾಡಿಸಿದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ ರಸ್ತೆಗೆ ತರಬಹುದು. ನನಗೆ ಕಾಫಿ ಚೀಲ ಹೊರುವ ಗಾಡಿ ಬೇಕಿತ್ತು. ಹಾಗಾಗಿ ಹಳೇ ನಂಬರನ್ನೇ ಉಳಿಸಿಕೊಂಡು, ಸರಕು ಗಾಡಿ ಅಂತಲೇ ವರ್ಷ ವರ್ಷ ಫಿಟ್‌ನೆಸ್ ಮಾಡಿಸುತ್ತಿದ್ದೇನೆ. ಆರ್‌ಟಿಒಗೆ ಓಡಾಟ ಜಾಸ್ತಿ, ಆದರೂ ನನಗೆ ಇದೇ ಸರಿ.

ಇನ್ನು ಓಡಿಸುವ ಸುಖ. ಸೀಟು ಮುಂದಿನ ಚಕ್ರದ ಮೇಲೇ ಇದೆ. ತೋಟದ ಕಿರಿದಾದ ದಾರಿಯಲ್ಲಿ ಮುಂದಿನ ಗುಂಡಿ, ಕಲ್ಲು, ಎಲ್ಲಾ ಕಾಲ ಬುಡದಲ್ಲೇ ಕಾಣುತ್ತದೆ. ಗಾಡಿ ಗಿಡ್ಡ, ಹಾಗಾಗಿ ಕಣದಲ್ಲಿ ಆರಾಮಾಗಿ ತಿರುಗುತ್ತದೆ. ಜನವರಿಯಲ್ಲಿ ರೋಬಸ್ಟಾ ಕೊಯ್ಲು ಶುರುವಾದರೆ ಲೋ ಗೇರಿಗೆ ಹಾಕಿ, 50 ಕಿಲೋದ ಹದಿನೈದು ಚೀಲ ಹೇರಿ ಏರು ಹತ್ತಿಸುತ್ತೇನೆ. ಏದುಸಿರು ಬಿಡುವುದಿಲ್ಲ. ಆದರೆ ಮೊದಲನೇ ಗೇರಿಗೆ ಸಿಂಕ್ರೊ (ಓಡುವಾಗಲೇ ಗೇರ್ ಸಲೀಸಾಗಿ ಬೀಳಿಸುವ ಭಾಗ) ಇಲ್ಲ. ಪೂರ್ತಿ ನಿಲ್ಲಿಸಿಯೇ ಹಾಕಬೇಕು. ಏರಿನಲ್ಲಿ ಇದು ಅಭ್ಯಾಸ ಆಗಲು ತಿಂಗಳು ಬೇಕಾಯಿತು.

ತೂಕವೆಲ್ಲಾ ಮುಂದೆ ಇರುವುದರಿಂದ, ಖಾಲಿ ಇದ್ದಾಗ ಹಿಂಭಾಗ ಹಗುರ. ಮಳೆಯಲ್ಲಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ಜಾರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದೆ ನಾಲ್ಕು ಮರಳು ಚೀಲ ಹಾಕಿಯೇ ಇಟ್ಟಿರುತ್ತೇನೆ. ಎಂಜಿನ್ ಪಕ್ಕದಲ್ಲೇ ಇರುವುದರಿಂದ ಏಪ್ರಿಲ್ ಬಿಸಿಲಲ್ಲಿ ಎಡಗಾಲು ಸುಡುತ್ತದೆ. ಜುಲೈನಲ್ಲಿ ಅದೇ ಬಿಸಿ ಹಿತ ಅನ್ನಿಸುತ್ತದೆ. ಮಳೆ ಹೊಯ್ಯುವಾಗ ಕ್ಯಾಬಿನ್ ಒಳಗೇ ಕೂತು, ಎಂಜಿನ್ ಮುಚ್ಚಳ ತೆಗೆದು, ಕಿಡಿ ಕೊಡಿಸುವ ಪಾಯಿಂಟ್ ಉಜ್ಜಬಹುದು. ಬೇರೆ ಯಾವ ಗಾಡಿಯಲ್ಲಿ ಆಗುತ್ತದೆ, ಹೇಳಿ?

ಮೈಲೇಜ್ ಲೀಟರಿಗೆ ಏಳು, ತೋಟದೊಳಗೆ ಐದು. ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡಿಸುವಾಗ ಎದುರಿಗೇ ನಿಲ್ಲಿ. ಇದರ ಇನ್ಲೆಟ್ ವಾಲ್ವ್ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿದೆ. ಹೊಸ ಹುಡುಗರು ಮೇಲಿನದನ್ನು ಮಾತ್ರ ನೋಡಿ ಮುಚ್ಚಿಬಿಡುತ್ತಾರೆ. ಇನ್ಲೆಟ್‌ಗೆ 18 ಥೌ (ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಥೌ), ಎಕ್ಸಾಸ್ಟ್‌ಗೆ 16 ಥೌ. ಪೆಟ್ರೋಲಿನಲ್ಲಿ ಎಥನಾಲ್ 20 ಪರ್ಸೆಂಟ್ ಆದ ಮೇಲೆ ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಂ (ಒಳಗಿನ ತೆಳು ಪದರ) ಉಬ್ಬಿ ಒಮ್ಮೆ ದಾರಿಯಲ್ಲೇ ನಿಂತೆ. ಈಗ ಎಥನಾಲ್ ತಡೆಯುವ ಹೋಸ್, ಡಯಾಫ್ರಂ ಹಾಕಿಸಿದ್ದೇನೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ನಿಲ್ಲಿಸಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಈಗ ಸ್ಟೀರಿಂಗ್ ಸ್ವಲ್ಪ ಆಡುತ್ತಿದೆ, ಮುಂದಿನ ಚಕ್ರ ಹೊರಳುವ ಕೀಲಿನ (ನಕಲ್) ಬೇರಿಂಗ್ ನೋಡಬೇಕು ಅಂದಿದ್ದಾರೆ ಕಾಕ. ಹುತ್ತರಿ ಹಬ್ಬ ಮುಗಿಸಿ, ಕೊಯ್ಲಿನ ಮೊದಲು ಬಿಚ್ಚುತ್ತೇವೆ. ಅಣ್ಣನ ಮಗ ಸ್ಪ್ಯಾನರ್ ಹಿಡಿಯಲು ಈಗಲೇ ರಜೆ ಕೇಳಿಟ್ಟಿದ್ದಾನೆ.