ಒದ್ದೆ ಗೋಡೆಯನ್ನು ಮುಚ್ಚಲು ಬಿಡಬೇಡಿ: ಟೆಕ್ಸಾಸ್‌ನ ಹಿಮಗಾಳಿಯ ನಂತರ ನಮ್ಮ ಮನೆಯಲ್ಲಿ ನಡೆದದ್ದು

ಡಾಲಸ್ ನಗರದ ಉತ್ತರ ಭಾಗದ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ನಮ್ಮ ಅಟ್ಟದಲ್ಲಿದ್ದ ನೀರಿನ ಪೈಪು ಒಡೆಯಿತು. ಪೈಪು ಒಡೆದದ್ದರಿಂದ ಆದ ಹಾನಿಗಿಂತ, ಅದನ್ನು ಸರಿಪಡಿಸುತ್ತೇವೆಂದು ಬಂದವರು ಒದ್ದೆಯಾದ ಗೋಡೆಯನ್ನು ಹಾಗೆಯೇ ಮುಚ್ಚಿ ಹೋದದ್ದರಿಂದ ಆದ ಹಾನಿಯೇ ನಮಗೆ ದೊಡ್ಡದಾಯಿತು. ಇಲ್ಲಿ ಪ್ರತಿ ಚಳಿಗಾಲದಲ್ಲೂ ಇಂಥದ್ದು ಮತ್ತೆ ನಡೆಯುವ ಸಾಧ್ಯತೆ ಇರುವುದರಿಂದ, ಈ ಭಾಗದ ಕನ್ನಡದ ಕುಟುಂಬಗಳಿಗಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಫೆಬ್ರವರಿ 15ರ ಸೋಮವಾರ ಬೆಳಗಿನ ಜಾವ ವಿದ್ಯುತ್ ಹೋಯಿತು. ಮರುದಿನ ಬೆಳಿಗ್ಗೆ ಡಾಲಸ್‌ನ ಉಷ್ಣಾಂಶ ಸೊನ್ನೆಗಿಂತ ಸುಮಾರು 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಇಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ. ನೀರಿನ ಪೈಪುಗಳು ಅನೇಕ ಮನೆಗಳಲ್ಲಿ ಅಟ್ಟದ ಮೂಲಕ ಹಾದುಹೋಗುತ್ತವೆ ಮತ್ತು ಮನೆಯ ಬೆಚ್ಚಗಿನ ಗಾಳಿ ಅಲ್ಲಿಗೆ ತಲುಪುವುದಿಲ್ಲ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇ. 9ರಷ್ಟು ಹೆಚ್ಚುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಪೈಪು ಸೀಳುತ್ತದೆ, ಆದರೆ ಗಡ್ಡೆ ಕರಗುವವರೆಗೆ ಸಾಮಾನ್ಯವಾಗಿ ಹೆಚ್ಚು ನೀರು ಹೊರಗೆ ಬರುವುದಿಲ್ಲ. ಹಾಗಾಗಿ ವಿದ್ಯುತ್ ಮರಳಿ ಬಂದಾಗ ಕಷ್ಟ ಕಳೆಯಿತೆಂದೇ ನಾವು ಭಾವಿಸಿದ್ದೆವು. ಹಿಮ ಕರಗಿದ ಮಧ್ಯಾಹ್ನ ಮಹಡಿಯ ಮೇಲಿನ ನಡುಮನೆಯ ಚಾವಣಿ ಉಬ್ಬಿ, ನೋಡನೋಡುತ್ತಿದ್ದಂತೆ ಕುಸಿದು ಬಿತ್ತು. ನೀರನ್ನು ನಿಲ್ಲಿಸುವ ಮುಖ್ಯ ವಾಲ್ವ್ ರಸ್ತೆಯಂಚಿನ ಮೀಟರ್ ಪೆಟ್ಟಿಗೆಯಲ್ಲಿದೆಯೆಂಬುದು ನನ್ನ ಪತಿಗೆ ಗೊತ್ತಿತ್ತು, ಅದನ್ನು ತಿರುಗಿಸುವ ಕೀಲಿ ನಮ್ಮಲ್ಲಿರಲಿಲ್ಲ. ನೆರೆಮನೆಯವರಿಂದ ಅದನ್ನು ತರುವಷ್ಟರಲ್ಲಿ ಇಪ್ಪತ್ತು ನಿಮಿಷ ನೀರು ಸುರಿದಿತ್ತು. ಆ ಕೀಲಿಯ ಬೆಲೆ ಅತ್ಯಲ್ಪ. ದಯವಿಟ್ಟು ಇಂದೇ ಒಂದನ್ನು ತಂದಿಟ್ಟುಕೊಳ್ಳಿ.

ಎರಡು ದಿನಗಳ ನಂತರ ಒಬ್ಬ ಕಂಟ್ರಾಕ್ಟರ್ ಮನೆ ಬಾಗಿಲಿಗೇ ಬಂದ. ಬಡಾವಣೆಯಲ್ಲಿ ಯಾವ ಪ್ಲಂಬರನೂ ಫೋನು ಎತ್ತುತ್ತಿರದ ಆ ವಾರದಲ್ಲಿ, ಪೈಪು, ಗೋಡೆ, ಬಣ್ಣ ಎಲ್ಲವನ್ನೂ ತಾನೇ ಮಾಡಿಸುತ್ತೇನೆ, ವಿಮಾ ಕಂಪನಿಯೊಂದಿಗೆ ತಾನೇ ಮಾತನಾಡುತ್ತೇನೆ, ಡಿಡಕ್ಟಿಬಲ್ ಹಣವನ್ನೂ (ನಷ್ಟದಲ್ಲಿ ಮನೆಯವರೇ ಭರಿಸಬೇಕಾದ ಪಾಲು) ನೀವು ಕಟ್ಟಬೇಕಾಗಿಲ್ಲ ಎಂದು ಆತ ಹೇಳಿದಾಗ ನಮಗೆ ಜೀವ ಬಂದಂತಾಯಿತು. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಸಹಿ ಹಾಕಿದೆವು, ಸಹಿ ಹಾಕಿದ ಪತ್ರದ ಪ್ರತಿಯನ್ನು ಕೇಳಲಿಲ್ಲ. ಹದಿನಾರು ಸಾವಿರ ಡಾಲರಿನ ಕೆಲಸಕ್ಕೆ ಆರು ಸಾವಿರದ ನಾನೂರು ಡಾಲರನ್ನು ಮುಂಗಡವಾಗಿ ಕೊಟ್ಟೆವು.

ಕೆಲಸಗಾರರು ಒಡೆದ ಪೈಪನ್ನು ಜೋಡಿಸಿದರು, ಕುಸಿದ ಚಾವಣಿಯ ಅವಶೇಷವನ್ನು ಸಾಗಿಸಿದರು, ಕೆಳಗಿನ ಗೋಡೆಗಳ ಡ್ರೈವಾಲನ್ನು (ಗೋಡೆಯ ಮೇಲೆ ಬಡಿಯುವ ಜಿಪ್ಸಮ್ ಹಾಳೆ) ನೆಲದಿಂದ ಎರಡಡಿಯಷ್ಟು ಕತ್ತರಿಸಿ ಮೂರು ಫ್ಯಾನು ಹಚ್ಚಿಟ್ಟು ಹೋದರು. ಗಾಳಿಯಲ್ಲಿನ ತೇವವನ್ನು ಹೀರುವ ಡಿಹ್ಯುಮಿಡಿಫೈಯರ್ ತರಲಿಲ್ಲ. ಅದಿಲ್ಲದೆ ಬರಿಯ ಫ್ಯಾನು ಹಾಕಿದರೆ ಮುಚ್ಚಿದ ಮನೆಯೊಳಗಿನ ತೇವ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗಿ ಕೂರುತ್ತದೆಯೇ ಹೊರತು ಮನೆಯಿಂದ ಹೊರಗೆ ಹೋಗುವುದಿಲ್ಲ. ಐದನೆಯ ದಿನ ಹೊಸ ಹಾಳೆಗಳನ್ನು ಬಡಿದು ಎಲ್ಲವನ್ನೂ ಮುಚ್ಚಿಬಿಟ್ಟರು. ನಾನು ಆ ದಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ಒಣಗಿದೆಯೆಂದು ಒಪ್ಪಿಕೊಂಡೆ. ಅಂಗೈಗೆ ತಿಳಿಯುವುದು ಮೇಲ್ಮೈ ಮಾತ್ರ. ಒಳಗಿನ ಮರದ ಕಂಬಗಳ ತೇವವನ್ನು ಎರಡು ಮುಳ್ಳುಗಳಿರುವ ತೇವಮಾಪಕವನ್ನು ಚುಚ್ಚಿಯೇ ತಿಳಿಯಬೇಕು, ಮತ್ತು ಅದು ತೋರಿಸುವ ಅಂಕಿಯನ್ನು ಅದೇ ಮನೆಯಲ್ಲಿ ನೀರು ತಾಗದ ಕಡೆಯ ಮರದ ಅಂಕಿಯೊಂದಿಗೆ ಹೋಲಿಸಬೇಕು. ಎರಡೂ ಹತ್ತಿರ ಹತ್ತಿರ ಬರುವ ತನಕ ಗೋಡೆ ತೆರೆದೇ ಇರಬೇಕು, ಅದಕ್ಕೆ ಎಷ್ಟು ದಿನ ಹಿಡಿದರೂ ಸರಿ. ಈ ಮಾಪಕ ಐವತ್ತು ಡಾಲರಿಗೂ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲವರು ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಬಂದು ಗೋಡೆ ಒಣಗಿದೆ ಎನ್ನುತ್ತಾರೆ. ಆ ಕ್ಯಾಮೆರಾ ತೋರಿಸುವುದು ಉಷ್ಣಾಂಶದ ವ್ಯತ್ಯಾಸವನ್ನು, ಆದ್ದರಿಂದ ಅದು ಸೂಚಿಸಿದ ಜಾಗವನ್ನು ಮಾಪಕದಿಂದಲೇ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ತಪ್ಪು ನೀರಿನ ದಾರಿಯ ವಿಚಾರದಲ್ಲಿ ಆಯಿತು. ಅಟ್ಟದಿಂದ ಇಳಿಯುವ ನೀರು ನೇರ ಕೆಳಗೆ ಬೀಳುವುದಿಲ್ಲ. ತೊಲೆಗಳ ಮೇಲೆ ಹರಿದು ಎರಡು ಕೋಣೆಯಾಚೆಗೂ ಇಳಿಯಬಹುದು. ನಮ್ಮ ಅಡುಗೆಮನೆಯ ಕಪಾಟುಗಳ ಹಿಂದಿನ ಗೋಡೆಗೆ ನೀರು ಹೋಗಿದ್ದನ್ನು ಯಾರೂ ನೋಡಲಿಲ್ಲ, ಏಕೆಂದರೆ ಅದು ಚಾವಣಿ ಕುಸಿದ ಜಾಗದಿಂದ ದೂರವಿತ್ತು.

ಮೇ ತಿಂಗಳಿನಲ್ಲಿ ಅಡುಗೆಮನೆಯಲ್ಲಿ ಒಂದು ವಾಸನೆ ಶುರುವಾಯಿತು. ತೀರ್ಥಹಳ್ಳಿಯ ಕಡೆಯ ಮಳೆಗಾಲದಲ್ಲಿ ಬೆಳೆದ ನನಗೆ ಆ ವಾಸನೆಯ ಪರಿಚಯ ಚೆನ್ನಾಗಿಯೇ ಇತ್ತು. ಆಷಾಢದಲ್ಲಿ ಕಂಬಳಿಪೆಟ್ಟಿಗೆಯನ್ನು ತೆರೆದಾಗ ಬರುವ ಬೂಷ್ಟಿನ ವಾಸನೆಯದು. ಆದರೆ ನಮ್ಮೂರಿನ ಕಲ್ಲು ಮಣ್ಣಿನ ಗೋಡೆಗೆ ಹಿಡಿದ ಬೂಷ್ಟನ್ನು ಮಳೆ ನಿಂತ ಮೇಲೆ ಉಜ್ಜಿ ಸುಣ್ಣ ಬಳಿಯುತ್ತಾರೆ. ಇಲ್ಲಿನ ಡ್ರೈವಾಲ್ ಎಂದರೆ ಎರಡು ಕಾಗದದ ಪದರಗಳ ನಡುವಿನ ಜಿಪ್ಸಮ್. ಆ ಕಾಗದವೇ ಬೂಷ್ಟಿಗೆ ಆಹಾರ. ಒದ್ದೆಯಾದ ವಸ್ತುಗಳನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ. ಕಪಾಟನ್ನು ಕಳಚಿ ನೋಡಿದಾಗ ಹಿಂದಿನ ಗೋಡೆ ಆಳೆತ್ತರಕ್ಕೆ ಕಪ್ಪಾಗಿತ್ತು. ಉಬ್ಬಸವಿರುವ ನಮ್ಮ ಮಗಳು ಆ ಗೋಡೆಗೆ ಬೆನ್ನುಕೊಟ್ಟು ಕುಳಿತು ಮೂರು ತಿಂಗಳು ಊಟ ಮಾಡಿದ್ದಳು. ಇದನ್ನು ನೆನೆದಾಗ ಈಗಲೂ ನನಗೆ ಸಂಕಟವಾಗುತ್ತದೆ.

ಕಂಟ್ರಾಕ್ಟರನ ಫೋನು ಅಷ್ಟರಲ್ಲಿ ಸ್ಥಗಿತವಾಗಿತ್ತು. ವಿಮಾ ಕಂಪನಿಯವರು ಒಡೆದ ಪೈಪಿನ ತುಂಡನ್ನೂ, ಮುಚ್ಚುವ ಮೊದಲಿನ ತೇವದ ದಾಖಲೆಯನ್ನೂ ಕೇಳಿದರು. ಪೈಪಿನ ತುಂಡು ಕಸದೊಂದಿಗೆ ಹೋಗಿತ್ತು, ದಾಖಲೆಯಂತೂ ಇರಲೇ ಇಲ್ಲ. ನಮ್ಮ ಪಾಲಿಸಿಯಲ್ಲಿ ಬೂಷ್ಟಿನ ಹಾನಿಗೆ ಐದು ಸಾವಿರ ಡಾಲರಿನ ಮಿತಿ ಇರುವುದು ಆಗಲೇ ನಮಗೆ ತಿಳಿದದ್ದು, ಆ ಹಣವೂ ಬಹಳ ಪತ್ರವ್ಯವಹಾರದ ನಂತರ ಸಿಕ್ಕಿತು. ಬೂಷ್ಟು ತೆಗೆಸಲು ಆದ ಖರ್ಚಿನಲ್ಲಿ ಉಳಿದ ಹನ್ನೊಂದು ಸಾವಿರವನ್ನು ನಾವೇ ಭರಿಸಿದೆವು.

ಆಮೇಲೆ ತಿಳಿದುಕೊಂಡ ಕಾನೂನಿನ ವಿಷಯಗಳನ್ನು ಮೊದಲೇ ತಿಳಿದಿದ್ದರೆ ಆ ವ್ಯಕ್ತಿಯನ್ನು ನಾವು ಬಾಗಿಲಿನಿಂದಲೇ ಕಳುಹಿಸುತ್ತಿದ್ದೆವು. ಟೆಕ್ಸಾಸ್‌ನಲ್ಲಿ 2011ರಿಂದ ಇರುವ ಕಾನೂನಿನಂತೆ, ನೈಸರ್ಗಿಕ ವಿಕೋಪದ ನಂತರದ ದುರಸ್ತಿಗೆ ಬರುವ ಕಂಟ್ರಾಕ್ಟರ್ ಕೆಲಸ ಆರಂಭಿಸುವ ಮೊದಲು ಹಣ ಕೇಳುವಂತಿಲ್ಲ. ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಅಥವಾ ಪಕ್ಕದ ಕೌಂಟಿಯಲ್ಲಿ ಕನಿಷ್ಠ ಒಂದು ವರ್ಷದಿಂದ ಕಚೇರಿ ಇರುವವರಿಗೆ ಮಾತ್ರ ವಿನಾಯಿತಿಯಿದೆ. ಡಿಡಕ್ಟಿಬಲ್ ಮನ್ನಾ ಮಾಡುತ್ತೇನೆಂದು ಹೇಳುವುದು ಕಾನೂನುಬಾಹಿರ. ಸಾಮಾನ್ಯ ಕಂಟ್ರಾಕ್ಟರಿಗೆ ಈ ರಾಜ್ಯದಲ್ಲಿ ರಾಜ್ಯಮಟ್ಟದ ಪರವಾನಗಿಯೇ ಇಲ್ಲ, ಆದ್ದರಿಂದ "ಪರವಾನಗಿ ಇದೆ" ಎಂಬ ಮಾತನ್ನು ಎಚ್ಚರಿಕೆಯಿಂದ ಕೇಳಿ. ಪ್ಲಂಬರಿಗೆ ಪರವಾನಗಿ ಇರಲೇಬೇಕು, ಅದನ್ನು ರಾಜ್ಯದ ಪ್ಲಂಬಿಂಗ್ ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ಬೂಷ್ಟು ಒಂದೇ ಕಡೆ 25 ಚದರ ಅಡಿ ಅಥವಾ ಹೆಚ್ಚು ಹರಡಿದ್ದರೆ ಅದನ್ನು ಪರೀಕ್ಷಿಸುವವರೂ ತೆಗೆಯುವವರೂ ಪರವಾನಗಿ ಪಡೆದವರಾಗಿರಬೇಕು, ಮತ್ತು ಒಂದೇ ಕೆಲಸದಲ್ಲಿ ಅವರಿಬ್ಬರೂ ಒಂದೇ ಸಂಸ್ಥೆಯವರಾಗಿರಬಾರದು. ಎರಡನೆಯ ಸಲ ನಾವು ಹಾಗೆಯೇ ಮಾಡಿಸಿ, ಕೆಲಸ ಮುಗಿದ ಮೇಲೆ ನಿಯಮದಂತೆ ಕೊಡಬೇಕಾದ ಪ್ರಮಾಣಪತ್ರವನ್ನು ಪಡೆದುಕೊಂಡೆವು. ಮನೆ ಮಾರುವ ದಿನ ಅದು ಬೇಕಾಗುತ್ತದೆ.

2022ರ ಡಿಸೆಂಬರ್‌ನಲ್ಲಿ ಮತ್ತೆ ಹಿಮಗಾಳಿ ಬಂದಾಗ ನಮ್ಮ ಪರಿಚಯದ ಕನ್ನಡದ ಕುಟುಂಬವೊಂದರ ಸ್ನಾನದ ಮನೆಯ ಪೈಪು ಒಡೆಯಿತು. ಐದನೆಯ ದಿನಕ್ಕೆ ಗೋಡೆ ಮುಚ್ಚಲು ಕೆಲಸಗಾರರು ಬರುತ್ತಾರೆಂದು ತಿಳಿದು ನಾನು ಮಾಪಕ ಹಿಡಿದುಕೊಂಡು ಹೋದೆ. ಒಣಗಿದ ಕೋಣೆಯ ಮರ 11 ತೋರಿಸಿತು, ಸ್ನಾನದ ಮನೆಯ ಕಂಬ 27. ಅವರು ಕೆಲಸಗಾರರನ್ನು ವಾಪಸು ಕಳುಹಿಸಿ, ಡಿಹ್ಯುಮಿಡಿಫೈಯರನ್ನು ಬಾಡಿಗೆಗೆ ತಂದು, ದಿನವೂ ಅಂಕಿಯ ಫೋಟೋ ತೆಗೆದಿಟ್ಟುಕೊಂಡರು. ಅಂಕಿ 13ಕ್ಕೆ ಇಳಿಯಲು ಇನ್ನೂ ಒಂಬತ್ತು ದಿನ ಬೇಕಾಯಿತು.