ಪರ್ಫೋರ್ಸ್ ವರ್ಕ್‌ಸ್ಪೇಸ್: ಮೂರು ವರ್ಷ ಬಳಸಿದ ಮೇಲೆ

★★★★☆

ಬಳಕೆ: ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶ, ಗೇಮ್ ಮಾಡುವ ಐದು ಜನರ ತಂಡ, ಒಂದು ಲಿನಕ್ಸ್ ಸರ್ವರ್, ಉಳಿದದ್ದೆಲ್ಲ ವಿಂಡೋಸ್. ಪರ್ಫೋರ್ಸ್ (ಆಜ್ಞೆಗಳಲ್ಲಿ ‘ಪಿ4’) ಎಂದರೆ ತಂಡದ ಫೈಲುಗಳನ್ನೂ ಅವುಗಳ ಪ್ರತಿ ಬದಲಾವಣೆಯನ್ನೂ ಸರ್ವರಿನಲ್ಲಿ ಉಳಿಸಿಡುವ ತಂತ್ರಾಂಶ; ವರ್ಕ್‌ಸ್ಪೇಸ್ ಎಂದರೆ ಆ ಫೈಲುಗಳು ನಿಮ್ಮ ಯಂತ್ರದಲ್ಲಿ ಇಳಿಯುವ ಜಾಗ, ಅದರ ಸೆಟ್ಟಿಂಗ್ ಸಮೇತ. 5 ಬಳಕೆದಾರರು, 20 ವರ್ಕ್‌ಸ್ಪೇಸ್‌ವರೆಗೆ ಲೈಸೆನ್ಸ್ ಕೊಳ್ಳಬೇಕಿಲ್ಲ.

ಗಿಟ್ (ಇದೇ ಕೆಲಸದ ಇನ್ನೊಂದು ತಂತ್ರಾಂಶ) ಬಳಸಿ ರೂಢಿಯಾದವರು ಇಲ್ಲಿ ಎಡವುವುದು ಒಂದೇ ಕಡೆ. ಯಾವ ಫೈಲಿನ ಎಷ್ಟನೇ ರಿವಿಷನ್ (ಆವೃತ್ತಿ) ನಿಮ್ಮ ಹತ್ತಿರ ಇದೆ ಎಂಬ ಲೆಕ್ಕವನ್ನು ಸರ್ವರ್ ಬರೆದಿಟ್ಟುಕೊಂಡಿರುತ್ತದೆ, ನಿಮ್ಮ ಡಿಸ್ಕನ್ನು ನೋಡುವುದಿಲ್ಲ. ಫೋಲ್ಡರನ್ನು ಕೈಯಾರೆ ಅಳಿಸಿ, ಸರ್ವರಿನಿಂದ ಫೈಲು ಇಳಿಸುವ ‘ಪಿ4 ಸಿಂಕ್’ ಕೊಟ್ಟರೆ ಎಲ್ಲವೂ ಅಪ್‌-ಟು-ಡೇಟ್ ಎನ್ನುತ್ತದೆ. ಗೋದಾಮು ಖಾಲಿ, ದಾಸ್ತಾನು ಪುಸ್ತಕ ಭರ್ತಿ! ಸರಿಪಡಿಸಲು ‘ಪಿ4 ಕ್ಲೀನ್’ ಇದೆ. ಆದರೆ ಅದು ಇನ್ನೂ ಆಡ್ ಮಾಡದ ಹೊಸ ಫೈಲುಗಳನ್ನೂ ಗುಡಿಸಿಬಿಡುತ್ತದೆ. ಮೊದಲು ‘-ಎನ್’ ಹಾಕಿ ಪಟ್ಟಿ ನೋಡಿ.

ಆಫೀಸಿಗೂ ಮನೆಗೂ ಒಂದೇ ವರ್ಕ್‌ಸ್ಪೇಸ್ ಹೆಸರು ಬಳಸಿದರೂ ಇದೇ ಗೋಳು. ಯಂತ್ರಕ್ಕೊಂದು ಹೆಸರಿಡಿ, ‘ಹೋಸ್ಟ್’ ಜಾಗದಲ್ಲಿ ಆ ಕಂಪ್ಯೂಟರಿನ ಹೆಸರು ಇರಲಿ.

ರೂಟ್ (ಫೈಲುಗಳು ಇಳಿಯುವ ಮುಖ್ಯ ಫೋಲ್ಡರ್) ಹೆಸರು ಚಿಕ್ಕದಾಗಿರಲಿ: ‘ಡಿ:\ಆಟ’ ಸಾಕು. ಉದ್ದವಾದರೆ ವಿಂಡೋಸಿನ 260 ಅಕ್ಷರಗಳ ಮಿತಿ ಅಡ್ಡ ಬರುತ್ತದೆ.

ನಿಜವಾದ ಕೆಲಸ ಇರುವುದು ವ್ಯೂನಲ್ಲಿ, ಅಂದರೆ ಸರ್ವರಿನ ಯಾವ ಫೋಲ್ಡರ್ ನಿಮ್ಮಲ್ಲಿ ಎಲ್ಲಿ ಇಳಿಯಬೇಕು ಎಂಬ ಪಟ್ಟಿಯಲ್ಲಿ. ಡೀಫಾಲ್ಟ್ ಬಿಟ್ಟರೆ ಡಿಪೋ (ಸರ್ವರಿನಲ್ಲಿನ ಫೈಲುಗಳ ಭಂಡಾರ) ಪೂರ್ತಿ ಇಳಿಯುತ್ತದೆ, ಕಚ್ಚಾ ವಿಡಿಯೊ ಸಮೇತ. ಹೀಗೆ ಬರೆಯಿರಿ:

//ಡಿಪೋ/ಆಟ/... //ಹೆಬ್ಬಾಳ-ಪಿಸಿ2/...
-//ಡಿಪೋ/ಆಟ/ಕಚ್ಚಾ/... //ಹೆಬ್ಬಾಳ-ಪಿಸಿ2/ಕಚ್ಚಾ/...

ಎಡಕ್ಕೆ ಸರ್ವರ್ ದಾರಿ, ಬಲಕ್ಕೆ ನಿಮ್ಮ ದಾರಿ. ಕೆಳಗಿನ ಸಾಲು ಮೇಲಿನದನ್ನು ಮೀರಿಸುತ್ತದೆ. ಮೈನಸ್ ಸಾಲು ಮೇಲೆ ಹೋದರೆ ಬರೆದೂ ವ್ಯರ್ಥ. ಮೂರು ಚುಕ್ಕಿ ಎಂದರೆ ಒಳಗಿನ ಎಲ್ಲ ಫೋಲ್ಡರುಗಳೂ ಸೇರಿ, ನಕ್ಷತ್ರ ಚಿಹ್ನೆ ಒಂದೇ ಹಂತಕ್ಕೆ. ಹೆಸರಿನ ನಡುವೆ ಸ್ಪೇಸ್ ಇದ್ದರೆ ಇಡೀ ದಾರಿಗೆ ಉದ್ಧರಣ ಚಿಹ್ನೆ ಬೇಕು. ಉಳಿಸಿದ ಮೇಲೆ ‘ಸಿಂಕ್ -ಎನ್’ ಕೊಟ್ಟು ಏನೇನು ಇಳಿಯಲಿದೆ ನೋಡಿಕೊಳ್ಳಿ.

ಫೈಲುಗಳು ರೀಡ್-ಓನ್ಲಿ ಆಗಿ ಬರುತ್ತವೆ, ‘ಪಿ4 ಎಡಿಟ್’ ಕೊಟ್ಟ ಮೇಲೇ ತಿದ್ದಬೇಕು. ರೀಡ್-ಓನ್ಲಿ ಗುರುತು ತೆಗೆದು ತಿದ್ದಿದವರಿಗೆ, ಆ ಫೈಲಿನ ಹೊಸ ರಿವಿಷನ್ ಸರ್ವರಿನಲ್ಲಿ ಬಂದಿದ್ದರೆ, ಮುಂದಿನ ಸಿಂಕ್‌ನಲ್ಲಿ ‘ಕ್ಲಾಬರ್’ (ತಿದ್ದಿದ ಫೈಲಿನ ಮೇಲೆ ಬರೆಯಲಾಗದು ಎಂಬ) ದೋಷ ಗ್ಯಾರಂಟಿ. ಆಗ ಆಪ್ಷನ್ಸ್‌ನಲ್ಲಿ ಕ್ಲಾಬರ್ ಆನ್ ಮಾಡಿದರೆ ತಿದ್ದಿದ್ದೆಲ್ಲ ಹೋಯಿತು; ಅದರ ಬದಲು ‘ಪಿ4 ರೀಕನ್ಸೈಲ್’ ಕೊಡಿ, ತಿದ್ದಿದ್ದು ಸರ್ವರಿನ ಲೆಕ್ಕಕ್ಕೆ ಸೇರುತ್ತದೆ. ಚಿತ್ರ, ಮಾಡೆಲ್ ಫೈಲುಗಳಿಗೆ ಟೈಪ್‌ಮ್ಯಾಪ್‌ನಲ್ಲಿ (ಯಾವ ಫೈಲು ಯಾವ ಬಗೆ ಎಂಬ ಸರ್ವರಿನ ಪಟ್ಟಿ) ‘ಬೈನರಿ+ಎಲ್’ ಹಾಕಿದರೆ ಒಂದು ಹೊತ್ತಿಗೆ ಒಬ್ಬರೇ ತಿದ್ದಲು ತೆರೆಯಬಹುದು. ಕಲಾವಿದರಿಗೆ ಗಿಟ್ ಬದಲು ಇದನ್ನು ಕೊಡಲು ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಸರ್ವರ್‌ನ ಪುಸ್ತಕದಿಂದ ಒಂದು ಅನುಕೂಲವೂ ಇದೆ. ಮಂಡ್ಯದ ಮನೆಯಲ್ಲಿ ಕೂತು ನಿಧಾನದ ಇಂಟರ್ನೆಟ್‌ನಲ್ಲಿ ಹತ್ತಾರು ಜಿಬಿ ಎಳೆಯುವ ಬದಲು ಆಫೀಸಿನಲ್ಲಿ ‘ಸಿಂಕ್ @4120’ ಎಂದು ಒಂದು ಚೇಂಜ್‌ಲಿಸ್ಟಿಗೆ (ಒಟ್ಟಿಗೆ ಸಲ್ಲಿಸಿದ ಬದಲಾವಣೆಗಳ ಕಟ್ಟು, ಅದಕ್ಕೊಂದು ಸಂಖ್ಯೆ) ನಿಲ್ಲಿಸಿ, ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಮನೆಯ ವರ್ಕ್‌ಸ್ಪೇಸಿನ ರೂಟ್‌ನಲ್ಲಿ ಸುರಿದು, ‘ಪಿ4 ಫ್ಲಶ್ @4120’ ಕೊಡಿ. ಒಂದು ಫೈಲೂ ಇಳಿಯದೆ ಲೆಕ್ಕ ಮಾತ್ರ ಏರುತ್ತದೆ. ಸಂಖ್ಯೆ ತಪ್ಪಿದರೆ ಸುಳ್ಳು ಲೆಕ್ಕವನ್ನೂ ಅಷ್ಟೇ ನಿಷ್ಠೆಯಿಂದ ನಂಬುತ್ತದೆ, ಹಾಗಾಗಿ ‘ಕ್ಲೀನ್ -ಎನ್’ ಓಡಿಸಿ ತಾಳೆ ನೋಡಿ.

ಒಂದು ಸ್ಟಾರ್ ಕಡಿದದ್ದು ಕನ್ನಡ ಫೈಲ್ ಹೆಸರುಗಳಿಗಾಗಿ. ಅವು ಎಲ್ಲ ಯಂತ್ರಗಳಲ್ಲೂ ಸರಿಯಾಗಿ ಕಾಣಬೇಕಾದರೆ ಸರ್ವರನ್ನು ಯೂನಿಕೋಡ್ ಮೋಡ್‌ಗೆ ಬದಲಾಯಿಸಬೇಕು, ಬದಲಾಯಿಸಿದರೆ ಹಿಂದಕ್ಕೆ ದಾರಿಯಿಲ್ಲ. ಬ್ಯಾಕಪ್ ತೆಗೆದೇ ಕೈ ಹಾಕಿ, ಆಮೇಲೆ ಪ್ರತಿ ಯಂತ್ರದಲ್ಲೂ ಅಕ್ಷರ ಸಂಕೇತದ ಸೆಟ್ಟಿಂಗ್ ಆದ ‘ಪಿ4ಚಾರ್‌ಸೆಟ್’ ಅನ್ನು ಯುಟಿಎಫ್8 ಮಾಡಿ.