ಒಂದೇ ತೋಟಾ, ಎರಡು ಕೋವಿ

ಮೊದಲೇ ಹೇಳಿಬಿಡುತ್ತೇನೆ: ರಿವಾಲ್ವರಿನ ತೋಟಾವನ್ನೇ ಹಾರಿಸುವ ಲಿವರ್ ರೈಫಲ್‌ಗಳಲ್ಲಿ ನನ್ನ ಮತ ಹಳೆಯ ಮಾರ್ಲಿನ್ 1894ಸಿಗೆ. ಅದನ್ನು ಮೊದಲೇ ಕೊಳ್ಳದೆ ಅಗ್ಗದ್ದಕ್ಕೆ ಕೈ ಹಾಕಿದ್ದಕ್ಕೆ ನಾನು ತೆತ್ತದ್ದು 170 ಡಾಲರ್ ಮತ್ತು ಒಂದು ಹೆಬ್ಬೆರಳಿನ ಉಗುರು.

ನಾನಿರುವುದು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ. ಬೆಳೆದದ್ದು ಕೊಡಗಿನಲ್ಲಿ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆ) ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ ಜೋಡಿ ನಳಿಗೆಯ ಕೋವಿಯನ್ನು ನೋಡಿದವನಿಗೆ, ಹಿಡಿಯ ಕೆಳಗಿನ ಸನ್ನೆ ಆಡಿಸಿ ತೋಟಾ ಏರಿಸುವ ಲಿವರ್ ಕೋವಿ ಸಿಕ್ಕಿದ್ದು ಇಲ್ಲಿಗೆ ಬಂದ ಮೇಲೆ. ನನ್ನಲ್ಲಿ ನಾಲ್ಕು ಇಂಚಿನ ನಳಿಗೆಯ .357 ಮ್ಯಾಗ್ನಮ್ ರಿವಾಲ್ವರ್ ಇತ್ತು. ಅದೇ ತೋಟಾ ನುಂಗುವ ಒಂದು ರೈಫಲ್ ಬೇಕೆನಿಸಿತು. ಈ ಜೋಡಿಯ ಆಸೆ ಅಮೆರಿಕದಲ್ಲಿ ಹಳೆಯದು. 1873ರ ವಿಂಚೆಸ್ಟರ್ ರೈಫಲ್ ತಿನ್ನುತ್ತಿದ್ದ .44-40 ತೋಟಾಕ್ಕೆ 1878ರಲ್ಲಿ ಕೋಲ್ಟ್ ರಿವಾಲ್ವರ್ ಕೂಡ ಬಂತು. ದನ ಕಾಯುವವನ ಸೊಂಟಪಟ್ಟಿಯಲ್ಲಿ ಒಂದೇ ಜಾತಿಯ ತೋಟಾ ಇದ್ದರೆ ಸಾಕಾಯಿತು. .357ರಲ್ಲಿ ಇನ್ನೊಂದು ಲಾಭವಿದೆ: ಅಗ್ಗದ, ಮೆದು ಸದ್ದಿನ .38 ಸ್ಪೆಷಲ್ ತೋಟಾವನ್ನೂ ಹಾಕಬಹುದು. .38ರ ರಿವಾಲ್ವರಿಗೆ .357 ಮಾತ್ರ ಕೂಡದು. ಊರಿನ ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ, "ಎರಡಕ್ಕೂ ಒಂದೇ ತೋಟಾ ಆದರೆ ಎರಡು ಕೋವಿ ಯಾಕೆ ಮಾರಾಯ?" ಎಂದರು. ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ರಿವಾಲ್ವರಿನಿಂದ ಹೊರಡುವ ಗುಂಡು ಉದ್ದ ನಳಿಗೆಯಿಂದ 1,800ರ ಆಸುಪಾಸಿನಲ್ಲಿ ಹೊರಡುತ್ತದೆ ಎಂದೆ. ಅವರು ಕಾಫಿ ಬೆಲೆಯ ಮಾತೆತ್ತಿದರು.

ಮೊದಲು ಕೊಂಡದ್ದು 1892ರ ವಿಂಚೆಸ್ಟರ್ ಮಾದರಿಯ ಒಂದು ಪ್ರತಿ. ತಯಾರಕರ ಹೆಸರು ಬೇಡ, ತಪ್ಪು ಅವರದಲ್ಲ. ಜಾನ್ ಬ್ರೌನಿಂಗ್ ರೂಪಿಸಿದ ಆ ವಿನ್ಯಾಸ ಹಗುರ, ಗಟ್ಟಿ, ನೋಡಲು ಚೆಂದ. 580 ಡಾಲರಿಗೆ ಸಿಕ್ಕಿತೆಂದು ಹಿಗ್ಗಿ ಮನೆಗೆ ತಂದೆ. ತೋಟಾ ತುಂಬುವ ಪಕ್ಕದ ಕಿಂಡಿಯ ಸ್ಪ್ರಿಂಗ್ ಬಿಗಿಯಾಗಿತ್ತು; ಏಳನೆಯ ತೋಟಾ ಒತ್ತುವಾಗ ಅದರ ಅಂಚು ಉಗುರಿನ ಬುಡಕ್ಕೆ ಕಚ್ಚಿತು. ಅದನ್ನಾದರೂ ಸ್ಪ್ರಿಂಗ್ ಬದಲಿಸಿ ಸರಿಪಡಿಸಿಕೊಂಡೆ.

ಸರಿಹೋಗದೆ ಉಳಿದದ್ದು ಬೇರೆ. ನಾನು ಮನೆಯಲ್ಲೇ ತುಂಬಿಕೊಳ್ಳುವ .38 ತೋಟಾದ ಗುಂಡು ಸೆಮಿ ವಾಡ್‌ಕಟರ್: ಮೂತಿ ಚಪ್ಪಟೆ, ಅದರ ಕೆಳಗೆ ಸುತ್ತಲೂ ಚೂಪಾದ ಒಂದು ಮೆಟ್ಟಿಲು. ಕಾಗದದ ಗುರಿಯಲ್ಲಿ ಪಂಚಿಂಗ್ ಯಂತ್ರ ಒತ್ತಿದಂತೆ ದುಂಡನೆಯ ತೂತು ಬೀಳುತ್ತದೆ, ಎಣಿಸಲು ಸುಲಭ. ರಿವಾಲ್ವರಿನಲ್ಲಿ ತೋಟಾವನ್ನು ನಾವೇ ಬೆರಳಿನಿಂದ ಗೂಡಿಗೆ ಇಳಿಸುವುದರಿಂದ ಗುಂಡಿನ ಆಕಾರ ಹೇಗಿದ್ದರೂ ನಡೆಯುತ್ತದೆ. ಲಿವರ್ ಕೋವಿಯಲ್ಲಿ ಹಾಗಲ್ಲ. ನಳಿಗೆಯ ಕೆಳಗಿನ ಕೊಳವೆಯಿಂದ ಹಿಂದಕ್ಕೆ ಬಂದ ತೋಟಾವನ್ನು ಒಳಗಿನ ತಟ್ಟೆ ಓರೆಯಾಗಿ ಎತ್ತುತ್ತದೆ, ಬೋಲ್ಟ್ ಎಂಬ ಜಾರುವ ತುಂಡು ಹಿಂದಿನಿಂದ ತಳ್ಳುತ್ತದೆ, ಆ ಮೆಟ್ಟಿಲು ನಳಿಗೆಯ ಬುಡದ ಗೂಡಿನ ಬಾಯಿಗೆ ತಗುಲಿ ನಿಲ್ಲುತ್ತದೆ. ಸಾಲದ್ದಕ್ಕೆ .38ರ ಕವಚ .357ಕ್ಕಿಂತ ಮೂರೂವರೆ ಮಿಲಿಮೀಟರ್‌ನಷ್ಟು ಗಿಡ್ಡ. ಬಾಯಿ ಮುಟ್ಟುವ ಮೊದಲೇ ಅದು ತೊನೆದಾಡುತ್ತದೆ.

ಶೂಟಿಂಗ್ ರೇಂಜಿನಲ್ಲಿ ಹತ್ತರಲ್ಲಿ ನಾಲ್ಕು ಸಿಕ್ಕಿಕೊಂಡವು. ಲಿವರ್ ಅರ್ಧಕ್ಕೆ ನಿಂತಾಗ ಜೋರು ಮಾಡುವುದು ಮನುಷ್ಯನ ಸ್ವಭಾವ, ನಾನೂ ಮಾಡಿದೆ. ಹೊರತೆಗೆದು ನೋಡಿದರೆ ಗುಂಡು ಕವಚದೊಳಕ್ಕೆ ಎರಡು ಕೂದಲೆಳೆಯಷ್ಟು ಇಳಿದಿತ್ತು. ಹಾಗೆ ಇಳಿದ ತೋಟಾದಲ್ಲಿ ಒತ್ತಡ ಏರುತ್ತದೆ, ಅದನ್ನು ಹಾರಿಸಬಾರದು. ಆಮೇಲೆ ಒಂದೊಂದು ಸಲ ಸಿಕ್ಕಿಕೊಂಡಾಗಲೂ ಕೋವಿಯನ್ನು ಮೇಜಿನ ಮೇಲಿಟ್ಟು, ನಳಿಗೆಯನ್ನು ಗುರಿಯ ಕಡೆಗೇ ತಿರುಗಿಸಿಟ್ಟು, ಚಿಮುಟ ಹಾಕಿ ಬಿಡಿಸುತ್ತಾ ಕುಳಿತೆ. ಪಕ್ಕದ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತನ್ನ .22ರಲ್ಲಿ ಅಷ್ಟರೊಳಗೆ ಐವತ್ತು ಮುಗಿಸಿದ್ದಳು. ಮೆಟ್ಟಿಲಿಲ್ಲದ ಚಪ್ಪಟೆ ಮೂತಿಯ .357 ಹಾಕಿದರೆ ಒಂದೂ ನಿಲ್ಲುತ್ತಿರಲಿಲ್ಲ. ಆದರೆ ನಾನು ಹಾರಿಸುವ ಹತ್ತರಲ್ಲಿ ಒಂಬತ್ತು .38. ಎರಡು ತಿಂಗಳ ನಂತರ ಆ ಕೋವಿಯನ್ನು 410 ಡಾಲರಿಗೆ ಕೊಟ್ಟೆ.

ಆ ಮೇಜಿನ ಪಕ್ಕದಲ್ಲೇ ಒಬ್ಬ ಹಿರಿಯರು ತಮ್ಮ ಊಬರ್ಟಿ 1873, ಅಂದರೆ 1873ರ ವಿಂಚೆಸ್ಟರಿನ ಇಟಲಿಯ ಪ್ರತಿ, ಕೈಗೆ ಕೊಟ್ಟರು. ಇದರಲ್ಲಿ ತೋಟಾ ಓರೆಯಾಗುವುದೇ ಇಲ್ಲ. ಲಿಫ್ಟಿನಲ್ಲಿ ನಿಂತ ಹಾಗೆ ನೆಟ್ಟಗೆ ಮೇಲೆ ಬಂದು ನೇರ ಗೂಡಿಗೆ ಹೋಗುತ್ತದೆ. ನನ್ನ ಹಟಮಾರಿ ಗುಂಡುಗಳನ್ನು ಹತ್ತಕ್ಕೆ ಹತ್ತು ನುಂಗಿತು. ದುಡ್ಡೂ ಒಳ್ಳೆಯ ಕಣ್ಣೂ ಇರುವವರು ಇದನ್ನೇ ಕೊಳ್ಳಲಿ. ನನ್ನ ಬಳಿ ಎರಡೂ ಕಡಿಮೆ. ಖಾಲಿ ಕವಚ ನೆತ್ತಿಯ ಮೇಲಿಂದ ಹಾರುವ ಕೋವಿಗೆ ದೃಷ್ಟಿಯಂತ್ರ ಕೂರಿಸಲು ಜಾಗವಿಲ್ಲ, ಐವತ್ತು ದಾಟಿದ ಮೇಲೆ ಗುರಿ ನೋಡುವ ಹಿಂದಿನ ಗುರುತು ನನಗೆ ಮಂಜುಮಂಜು.

ಪಿತ್ತಳೆ ಮೈಯ ಹೆನ್ರಿ ಬಿಗ್ ಬಾಯ್ ಸುಂದರ. ಎತ್ತಿಕೊಂಡು ಅರ್ಧ ದಿನ ಓಡಾಡುವ ತೋಳು ನನ್ನದಲ್ಲ. ಗಿರವಿ ಅಂಗಡಿಗಳಲ್ಲಿ ಕಾಣುವ ವಿಂಚೆಸ್ಟರ್ 94 ಸಾಮಾನ್ಯವಾಗಿ .30-30, ರಿವಾಲ್ವರಿಗೆ ಅದು ಜೊತೆಯಲ್ಲ.

ಮಾರ್ಲಿನ್‌ಗೆ 1,050 ಕೊಟ್ಟೆ. ಇಟ್ಟುಕೊಂಡ ಮಿತಿ 800. ಕ್ಯಾಮೆರಾದ ಒಂದು ಲೆನ್ಸ್ ಮಾರಿ ತುಂಬಿಸಿದೆ. ಹಳೆಯ ಮಾರ್ಲಿನ್ ಹುಡುಕುವವರು ನಳಿಗೆಯ ಬುಡದಲ್ಲಿ 'ಜೆಎಂ' ಮುದ್ರೆ ನೋಡುತ್ತಾರೆ. ಅದು ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನೆಯ ಕಾಲದ್ದು. 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ ಹೆಸರನ್ನು ಕೊಂಡು ಮತ್ತೆ ತಯಾರಿಸುತ್ತಿದೆ, ಆದರೆ ಹೊಸದರ ಬೆಲೆ ನನಗೆ ಎಟುಕುವುದಿಲ್ಲ. ಖಾಲಿ ಕವಚ ಪಕ್ಕಕ್ಕೆ ಹಾರುವುದರಿಂದ ನೆತ್ತಿ ಮುಚ್ಚಿದೆ, ಕೆಂಪು ಚುಕ್ಕಿಯ ಸೈಟ್ ಅಲ್ಲಿ ಸಲೀಸಾಗಿ ಕೂತಿತು. ಲಿವರಿನ ಒಂದೇ ತಿರುಪು ಬಿಚ್ಚಿದರೆ ಬೋಲ್ಟ್ ಹಿಂದಕ್ಕೆ ಜಾರಿ ಬರುತ್ತದೆ, ನಳಿಗೆಯನ್ನು ಹಿಂದಿನಿಂದಲೇ ತೊಳೆಯಬಹುದು. .38 ಹೆಚ್ಚು ಹಾರಿಸುವವನಿಗೆ ಇದು ದೊಡ್ಡ ಮಾತು: ಗಿಡ್ಡ ಕವಚ ನಿಲ್ಲುವ ಕಡೆ ಮಸಿಯ ಉಂಗುರ ಕಟ್ಟುತ್ತದೆ, ತಿಕ್ಕದಿದ್ದರೆ ಮುಂದೆ .357 ಅದರಲ್ಲಿ ಅಂಟುತ್ತದೆ. ಬೋಲ್ಟ್ ತೆಗೆಯುವಾಗ ಎಜೆಕ್ಟರ್ ಎಂಬ ಪುಟ್ಟ ಪಟ್ಟಿ ಸದ್ದಿಲ್ಲದೆ ಕೆಳಗೆ ಬೀಳುತ್ತದೆ. ಒಮ್ಮೆ ನಾನು ಅದನ್ನು ಕಾರ್ಪೆಟ್ಟಿನಲ್ಲಿ ಟಾರ್ಚ್ ಹಿಡಿದು ಹುಡುಕಿದ್ದೇನೆ.

ಸೆಮಿ ವಾಡ್‌ಕಟರ್ ಇದರಲ್ಲೂ ಹತ್ತಕ್ಕೆ ಒಂದು ತಡವರಿಸುತ್ತದೆ. ಅದು ನನಗೆ ದುಡ್ಡು ಕೊಡುವ ಮೊದಲೇ ಗೊತ್ತಿತ್ತು, ಏಕೆಂದರೆ ಈ ಸಲ ಮದ್ದೂ ಕೇಪೂ ಇಲ್ಲದ ಹನ್ನೆರಡು ಹುಸಿ ತೋಟಾ ಮಾಡಿಕೊಂಡು, ಅಂಗಡಿಯವನಿಗೆ ತೋರಿಸಿ ಒಪ್ಪಿಗೆ ಪಡೆದು, ಗಲ್ಲಾದ ಮುಂದೆಯೇ ಲಿವರ್ ಆಡಿಸಿ ನೋಡಿದ್ದೆ. ಆ ಹನ್ನೆರಡನ್ನು ಕಳೆದ ತಿಂಗಳು ಗೆಳೆಯನೊಬ್ಬ ಒಯ್ದ. ಹನ್ನೊಂದು ಮರಳಿಸಿದ. ಇನ್ನೊಂದು ಅಂಗಡಿಯಲ್ಲಿದ್ದ ಒಂದು 92ರ ಹೊಟ್ಟೆಯಲ್ಲಿದೆಯಂತೆ.